ಒಡೆಯದ ಹಾಗೆ ಊದಿದವರು

"ಊದಿ! ಊದಿ! ಊದಿ! ಇನ್ನೂ... ಇನ್ನೂ... ಇನ್ನೂ! ನಿಲ್ಲಿಸಬೇಡಿ! ಅಯ್ಯೋ, ಇಷ್ಟೇನಾ?"

ಮುಚ್ಚಿದ ಬಾಗಿಲಿನ ಹಿಂದಿನಿಂದ ಬಂದ ಆ ಕೂಗಿಗೆ, ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕುಳಿತಿದ್ದ ಮೆಲ್ಲಿ ಬೆಚ್ಚಿಬಿದ್ದಳು.

ಒಳಗಿದ್ದದ್ದು ಅವಳ ಅಪ್ಪ. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವ ಅಪ್ಪ. ಅಂಥವರ ಮೇಲೆ ಯಾರೋ ಗಂಟಲು ಹರಿಯುವಂತೆ ಅರಚುತ್ತಿದ್ದಾನೆ!

ಮತ್ತೆ ಅದೇ ಕೂಗು.

"ಜೋರಾಗಿ ಯಜಮಾನ್ರೇ! ಒಳಗಿರೋದೆಲ್ಲ ಒಂದೇ ಸಲಕ್ಕೆ ಹೊರಗೆ ಹಾಕಿ! ಮನಸ್ಸಿಟ್ಟು ಊದಿ!"

ಮೆಲ್ಲಿ ಎಂಬುದು ಅಪ್ಪ ಇಟ್ಟ ಅಡ್ಡಹೆಸರು. ನಡೆಯುವುದು ಮೆಲ್ಲಗೆ, ಮಾತು ಮೆಲ್ಲಗೆ, ಬೇಕೆಂದು ಕೇಳುವುದಂತೂ ಇನ್ನೂ ಮೆಲ್ಲಗೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಓದಿದವರ ಎದುರು ಬಾಯಿಬಿಡಲು ಹೆದರುವವಳು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಯಾರ ಮೇಲೂ ದನಿ ಎತ್ತಿರಲಿಲ್ಲ.

ಆದರೆ ಇಂದು ಅವಳ ಕೈ ತಾನಾಗಿ ಬಾಗಿಲು ತಳ್ಳಿತು.

"ನಮ್ಮಪ್ಪನ ಮೇಲೆ ಯಾಕ್ರೀ ಹೀಗೆ ಕೂಗ್ತೀರಾ? ಅವರೇನು ಕಿವುಡರಾ?"

ಒಳಗಿದ್ದವನು ತಿರುಗಿದ. ಇಪ್ಪತ್ತೆಂಟು ಇರಬಹುದು. ಬಿಳಿ ಕೋಟು, ಕೆದರಿದ ಕೂದಲು, ಕೂಗಿ ಕೂಗಿ ಕೆಂಪಾದ ಮುಖ. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ... ಗಾಬರಿ ಇತ್ತು. ತಪ್ಪು ಮಾಡುವಾಗ ಸಿಕ್ಕಿಬಿದ್ದ ಹುಡುಗನ ಗಾಬರಿ.

ಅಪ್ಪ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಮೂಗಿಗೆ ಕ್ಲಿಪ್ಪು, ತುಟಿಗಳ ನಡುವೆ ರಟ್ಟಿನ ಕೊಳವೆ, ಹಣೆಯ ಮೇಲೆ ಬೆವರು.

"ಇದು... ಇದು ಹೀಗೇ ಮಾಡೋದು," ಎಂದ ಅವನು. ಅಷ್ಟು ಹೊತ್ತು ಗುಡುಗಿದ್ದ ದನಿ ಈಗ ಕೇಳಿಸುವುದೇ ಕಷ್ಟವಾಗಿತ್ತು. "ಕೂಗದೆ ಹೋದ್ರೆ ಯಾರೂ ಪೂರ್ತಿ ಊದಲ್ಲ. ಶ್ವಾಸಕೋಶದಲ್ಲಿ ಎಷ್ಟು ಗಾಳಿ ಇದೆ, ಅದು ಎಷ್ಟು ಬೇಗ ಹೊರಗೆ ಬರತ್ತೆ ಅಂತ ಅಳೆಯೋ ಯಂತ್ರ ಇದು."

"ಅಳೀರಿ. ಬೈಯೋದು ಯಾಕೆ?"

"ಬೈದಿಲ್ಲ..."

ಮೂಲೆಯಲ್ಲಿದ್ದ ಹಿರಿಯ ನರ್ಸು ಕಿಸಕ್ಕೆಂದು ನಕ್ಕಳು. "ಅಲ್ಲಮ್ಮ, ಇವನು ದಿನಾ ಇಪ್ಪತ್ತು ಜನಕ್ಕೆ ಹೀಗೇ ಕೂಗೋದು. ಇಡೀ ಆಸ್ಪತ್ರೆ ಇವನನ್ನ ಊದಪ್ಪ ಅಂತಾನೇ ಕರೆಯತ್ತೆ. ನೀನು ಹೊರಗೆ ಕೂತ್ಕೋ, ಬಾ."

ಹೊರಗೆ ಹೋಗುವ ಮುನ್ನ ಮೆಲ್ಲಿಯ ಕಣ್ಣು ಪರದೆಯ ಮೇಲೆ ಬಿತ್ತು. ಅಲ್ಲೊಂದು ಗೆರೆ. ನಿಧಾನವಾಗಿ ಏರಿ, ನಿಧಾನವಾಗಿ ಇಳಿದ ಗುಡ್ಡ.

ಅವಳು ಉಸಿರು ಬಿಗಿಹಿಡಿದು ನಿಂತಳು. ಅದು ಅಪ್ಪನ ಉಸಿರು! ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು, ಮನೆಯಲ್ಲಿ ಅವಳು ಕಿವಿಗೊಟ್ಟು ಎಣಿಸುತ್ತಿದ್ದ ಆ ಉಸಿರು... ಇಲ್ಲಿ ಗೆರೆಯಾಗಿ ಬಂದು ಕೂತಿದೆ!

ಅಬ್ಬಾ, ಇದನ್ನೆಲ್ಲ ಯಾರು ಕಂಡುಹಿಡಿದರೋ!

ಆ ದಿನ ಅಪ್ಪ ಎಂಟು ಸಲ ಊದಿದರು. ಎಂಟಕ್ಕಿಂತ ಹೆಚ್ಚು ಒಂದೇ ದಿನ ಊದಿಸುವಂತಿಲ್ಲವಂತೆ. ಎಂಟು ಸಲವೂ ಅದೇ ತಗ್ಗು ಗುಡ್ಡ. ಕೊನೆಗೆ ಊದಪ್ಪ ಕಾಗದದ ಮೇಲೆ ಏನೋ ಬರೆದು, ತಲೆ ಎತ್ತದೆ ಕೊಟ್ಟ.

ಮೆಟ್ಟಿಲ ತಿರುವಿನಲ್ಲಿ ನಿಂತು ಮೆಲ್ಲಿ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು.

'ರೋಗಿ ಪೂರ್ತಿ ಪ್ರಯತ್ನದಿಂದ ಊದುತ್ತಿಲ್ಲ. ಪರೀಕ್ಷೆ ಒಪ್ಪುವಂತಿಲ್ಲ.'

"ಏನು ಬರೆದಿದ್ದಾನೆ?" ಎಂದು ಅಪ್ಪ ಕೇಳಿದರು.

"ಏನಿಲ್ಲ ಅಪ್ಪ..."

"ಓದು."

ಅವಳು ಓದಿದಳು. ಅಪ್ಪ ಗೋಡೆಗೆ ಕೈ ಊರಿದರು. ಆಮೇಲೆ, ಎರಡೆರಡು ಮಾತಿಗೊಮ್ಮೆ ನಿಲ್ಲುತ್ತಾ ಹೇಳಿದರು.

"ಮೂವತ್ತೆಂಟು ವರ್ಷ... ಊದಿದವನು ನಾನು. ಈ ಉಸಿರಲ್ಲೇ... ನಿನ್ನ ಸಾಕಿದೆ. ನನಗೆ ಊದೋಕೆ... ಬರಲ್ವಂತೆ! ಆ ಕೋಣೆಗೆ... ಇನ್ನು ಕಾಲಿಡಲ್ಲ."

ಅಪ್ಪ ಗಾಜು ಊದುವ ಮೇಸ್ತ್ರಿ.

ಊರಿನ ಅಂಚಿನಲ್ಲಿ ಅವರದೊಂದು ಕಾರ್ಖಾನೆ. ಕಾರ್ಖಾನೆ ಎಂದರೆ ತಗಡಿನ ಮಾಡು, ಒಂದು ಕುಲುಮೆ, ಎರಡು ಬೆಂಚು, ಆರು ಕಬ್ಬಿಣದ ಊದುಗೊಳವೆ. ಅಲ್ಲಿ ದೀಪದ ಬುರುಡೆ, ಹೂದಾನಿ, ಔಷಧಿ ಅಂಗಡಿಯವರ ದೊಡ್ಡ ಜಾಡಿಗಳು ತಯಾರಾಗುತ್ತಿದ್ದವು. ಕುಲುಮೆಯ ಹೊಗೆ, ಮರಳಿನ ಪುಡಿಯ ದೂಳು, ಜೊತೆಗೆ ದಿನಕ್ಕೆ ಹತ್ತು ಸಿಗರೇಟು. ಇಷ್ಟೂ ಸೇರಿ ಅಪ್ಪನ ಎದೆಯೊಳಗೆ ಹಗಲೂ ರಾತ್ರಿ ಸಿಳ್ಳೆ ಹಾಕುತ್ತಿದ್ದವು. ಸಿಗರೇಟು ಬಿಟ್ಟು ವರ್ಷವಾಗಿತ್ತು. ಸಿಳ್ಳೆ ನಿಂತಿರಲಿಲ್ಲ.

ಅಪ್ಪನ ಕೊಳವೆ ಈಗ ಮೆಲ್ಲಿಯ ಕೈಯಲ್ಲಿತ್ತು.

ಎದೆಯ ಡಾಕ್ಟರಮ್ಮ ಮೊದಲೇ ಹೇಳಿದ್ದರು. "ಉಸಿರಿನ ಕೊಳವೆಗಳು ಎಷ್ಟು ಕಿರಿದಾಗಿವೆ, ಔಷಧಿಗೆ ಎಷ್ಟು ತೆರೆದುಕೊಳ್ತವೆ ಅಂತ ಗೊತ್ತಾಗದೆ ನಾನು ಕತ್ತಲಲ್ಲಿ ಮಾತ್ರೆ ಕೊಟ್ಟ ಹಾಗೆ. ಆ ಪರೀಕ್ಷೆ ಸರಿಯಾಗಿ ಆಗ್ಲೇಬೇಕಮ್ಮ. ಮೂರು ಸಲ ಒಂದೇ ಥರ ಊದಿದ್ರೆ ಸಾಕು."

ಮೂರೇ ಮೂರು ಊದು! ಅಷ್ಟಕ್ಕೆ ಅಪ್ಪನ ಜೀವ ನೇತುಬಿದ್ದಿತ್ತು. ಆ ಊದಪ್ಪ ಅದನ್ನೂ ಹಾಳು ಮಾಡಿದ್ದ.

'ಪ್ರಯತ್ನ ಮಾಡಲ್ವಂತೆ! ಮೂರು ದಿಂಬಿಗೆ ಒರಗಿ ನಿದ್ದೆ ಮಾಡೋ ಮನುಷ್ಯ ಅವರು. ಅವರ ಒಂದೊಂದು ಉಸಿರೂ ಪ್ರಯತ್ನವೇ. ಅವನಿಗೇನು ಗೊತ್ತು?'

ಎರಡು ದಿನ ಅವಳು ಅವನನ್ನು ಮನಸ್ಸಿನಲ್ಲೇ ಬೈದಳು. ಆದರೆ ಬೈಯುವಾಗಲೆಲ್ಲ ಆ ಗಾಬರಿಯ ಕಣ್ಣುಗಳೇ ನೆನಪಾಗಿ, ಅವಳ ಮೇಲೆ ಅವಳಿಗೇ ಸಿಟ್ಟು ಬರುತ್ತಿತ್ತು.

ಮೂರನೇ ದಿನ ಬೆಳಗ್ಗೆ ಕೊಳವೆಯ ತುದಿಗೆ ಕೆಂಡದ ಬಣ್ಣದ ಗಾಜಿನ ಮುದ್ದೆ ಸುತ್ತಿಕೊಂಡು ಅವಳು ಊದತೊಡಗಿದಳು. ಕೆನ್ನೆ ತುಂಬಿಸಿ, ತುಟಿ ಬಿಗಿದು, ಎದೆಯ ಗಾಳಿಯನ್ನು ಎಳೆ ಎಳೆಯಾಗಿ ಬಿಡುತ್ತಾ... ಗಾಜು ಮೆಲ್ಲನೆ ಉಬ್ಬಿತು. ಸಾಕು ಎನ್ನಿಸಿದ ಕಡೆ ನಾಲಿಗೆಯಿಂದ ತಡೆದಳು.

ಹಿಂದೆ ಕುರ್ಚಿಯಲ್ಲಿ ಕೂತ ಅಪ್ಪ ಎಂದಿನಂತೆ ಗೊಣಗಿದರು. "ನಿಧಾನ... ನಿಧಾನ. ಅಬ್ಬರಿಸಿದ್ರೆ ಒಡೆಯತ್ತೆ."

ಮೆಲ್ಲಿ ಕೊಳವೆ ಹಿಡಿದೇ ನಿಂತುಬಿಟ್ಟಳು.

ನಿಧಾನವಾಗಿ ಏರಿ, ನಿಧಾನವಾಗಿ ಇಳಿದ ಗುಡ್ಡ...

ದೇವರೇ! ಅಪ್ಪ ಆ ರಟ್ಟಿನ ಕೊಳವೆಯನ್ನೂ ಊದುಗೊಳವೆ ಹಾಗೇ ಊದಿದ್ದರು! ಆ ಕೋಣೆಯಲ್ಲಿ ಗಾಜು ಇರಲಿಲ್ಲ. ಆದರೆ ಅಪ್ಪನ ಎದೆಗೆ, ಅಪ್ಪನ ಕೆನ್ನೆಗೆ ಅದು ಗೊತ್ತಿರಲಿಲ್ಲ!

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಒಬ್ಬಳೇ ಆಸ್ಪತ್ರೆಗೆ ಹೋದಳು.

ಊದಪ್ಪ ಕಾರಿಡಾರಿನ ಕೊನೆಯ ಬೇಸಿನ್ನಿನ ಹತ್ತಿರ ನಿಂತು ಉಪ್ಪುನೀರು ಮುಕ್ಕಳಿಸುತ್ತಿದ್ದ. ಅವಳನ್ನು ಕಂಡವನೇ ನೀರು ನುಂಗಿಬಿಟ್ಟು ಕೆಮ್ಮಿದ.

"ನೀ... ನೀವಾ?"

"ಜಗಳಕ್ಕೆ ಬಂದಿಲ್ಲ," ಎಂದಳು ನೆಲ ನೋಡುತ್ತಾ.

"ಬಂದಿದ್ರೂ ಪರವಾಗಿಲ್ಲ. ನನ್ನ ದನಿ ಹೋಗಿದೆ. ಇವತ್ತು ನೀವೇ ಗೆಲ್ತೀರಾ."

ಅವಳಿಗೆ ನಗು ಬಂತು, ತಡೆದುಕೊಂಡಳು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು, ಈಗ ಒಂದೂ ಬಾಯಿಗೆ ಬರಲಿಲ್ಲ. ಕೈಯಾಡಿಸಿದಳು, ಕೆನ್ನೆ ಉಬ್ಬಿಸಿ ತೋರಿಸಿದಳು. ಅವನು ಅರ್ಥವಾಗದೆ ಪಿಳಿಪಿಳಿ ನೋಡಿದ.

"ಮಾತಲ್ಲಿ ಹೇಳೋಕೆ ಬರಲ್ಲ ನನಗೆ," ಎಂದಳು ಕೊನೆಗೆ. "ಊದಿ ತೋರಿಸ್ತೀನಿ. ಆಗತ್ತಾ?"

ಅವನು ಒಂದು ಕ್ಷಣ ಯೋಚಿಸಿ ಬಾಗಿಲು ತೆರೆದ. ಹೊಸ ರಟ್ಟಿನ ಕೊಳವೆ ಹಾಕಿದ. ಮೂಗಿಗೆ ಕ್ಲಿಪ್ಪು ಕೊಟ್ಟ. ನರ್ಸು ಕೈಯಲ್ಲಿದ್ದ ಹತ್ತಿ ಬಿಟ್ಟು ಬಂದು ನಿಂತಳು.

ಮೆಲ್ಲಿ ಕಣ್ಣು ಮುಚ್ಚಿದಳು. ಎದುರಿಗೆ ಕುಲುಮೆ ಇದೆ, ತುದಿಯಲ್ಲಿ ಬಿಸಿ ಗಾಜು ಇದೆ ಎಂದುಕೊಂಡು ಊದಿದಳು.

ಪರದೆಯ ಮೇಲೆ ಗುಡ್ಡ ಮೂಡಿತು.

"ಇನ್ನೊಂದ್ಸಲ," ಎಂದ ಅವನು. ಅದೇ ಗುಡ್ಡ. ಮತ್ತೊಮ್ಮೆ. ಮತ್ತೆ ಅದೇ!

ಊದಪ್ಪ ಕಪಾಟಿನಿಂದ ಅಪ್ಪನ ಗೆರೆ ಇದ್ದ ಕಾಗದ ತೆಗೆದು ಪರದೆಯ ಪಕ್ಕ ಹಿಡಿದ. ಎರಡೂ ಗೆರೆಗಳ ಆಕಾರ ಒಂದೇ. ಗಾತ್ರ ಮಾತ್ರ ಬೇರೆ. ದೊಡ್ಡದೊಂದು, ಚಿಕ್ಕದೊಂದು.

"ನಾವು ಗಾಜು ಊದೋರು," ಎಂದಳು ಮೆಲ್ಲಿ. "ಅಬ್ಬರಿಸಿ ಊದಿದ್ರೆ ಒಡೆಯತ್ತೆ. ಅಪ್ಪ ಹುಡುಗನಾಗಿದ್ದಾಗಿಂದ ಒಡೆಯದ ಹಾಗೆ ಊದೋದು ಕಲಿತವರು. ನೀವು ಎಷ್ಟೇ ಕೂಗಿ... ಅವರಿಂದ ಆಗಲ್ಲ."

ಅವನು ಕುರ್ಚಿಯಲ್ಲಿ ಕುಸಿದು ಕೂತ.

"ಆರು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಸೋಮಾರಿತನ ನೋಡಿದೀನಿ, ಭಯ ನೋಡಿದೀನಿ. ಇಂಥ ಶಿಸ್ತು..." ಅವನು ಆ ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದ. "ಇಂಥ ಶಿಸ್ತನ್ನ ನಾನು ಪ್ರಯತ್ನ ಇಲ್ಲ ಅಂತ ಬರೆದುಬಿಟ್ನಲ್ಲ!"

"ಅಪ್ಪ ಮತ್ತೆ ಬರಲ್ಲ ಅಂದಿದ್ದಾರೆ."

"ನಾನು ಬರ್ತೀನಿ. ನಿಮ್ಮ ಕಾರ್ಖಾನೆ ಎಲ್ಲಿದೆ?"

ಮೆಲ್ಲಿ ಮೊದಲ ಬಾರಿಗೆ ತಲೆ ಎತ್ತಿ ಅವನನ್ನು ನೋಡಿದಳು. ತಪ್ಪಾಯಿತೆಂದು ಇಷ್ಟು ಬೇಗ, ಇಷ್ಟು ಸಲೀಸಾಗಿ ಹೇಳುವ ಗಂಡಸನ್ನು ಅವಳು ಕಂಡಿರಲಿಲ್ಲ.

ಭಾನುವಾರ ಅವನು ಬಂದ. ಬಿಳಿ ಕೋಟಿಲ್ಲದೆ, ಸಣ್ಣವನಂತೆ ಕಾಣುತ್ತಿದ್ದ.

ಅಪ್ಪ ಮುಖ ತಿರುಗಿಸಿದರು. "ಯಾರು... ಕೂಗೋ ಡಾಕ್ಟ್ರಾ?"

"ಡಾಕ್ಟ್ರಲ್ಲ ಮೇಸ್ತ್ರಿಗಳೇ. ಬರೀ ಕೂಗೋನು."

ಅಪ್ಪನ ತುಟಿಯ ಕೊನೆ ಸ್ವಲ್ಪ ಅಲುಗಿತು. ಆದರೆ ಬಿಡಲಿಲ್ಲ. "ಮೆಲ್ಲಿ, ಇವನಿಗೆ... ಕನ್ನಡಕ ಕೊಡು. ಕೊಳವೆ ಕೊಡು. ಊದ್ಲಿ. ನೋಡೋಣ... ಪ್ರಯತ್ನ ಎಷ್ಟಿದೆ ಅಂತ."

ಮೆಲ್ಲಿ ಅವನ ಕಣ್ಣಿಗೆ ದಪ್ಪ ಕನ್ನಡಕ ಹಾಕಿಸಿದಳು. ಕುಲುಮೆಯ ಬಾಯಿ ತೆರೆದಳು.

ಒಳಗಿನ ಬೆಳಕಿಗೆ ಅವನು ಒಂದು ಹೆಜ್ಜೆ ಹಿಂದೆ ಸರಿದ. ಆ ಬಿಳಿಗೆಂಪು, ಆ ಮೌನದ ಉರಿ... ಕೊಳವೆಯ ತುದಿಯಲ್ಲಿ ಅವಳು ಎತ್ತಿದ ಗಾಜು ಜೇನಿನಂತೆ ತೊಟ್ಟಿಕ್ಕುತ್ತಿತ್ತು. ಅವಳು ಕೊಳವೆಯನ್ನು ತಿರುಗಿಸುತ್ತಲೇ ಇದ್ದಳು. ತಿರುಗಿಸುವುದು ನಿಂತರೆ ಜಾರಿಬೀಳುವ ಆ ಬೆಂಕಿಯನ್ನು ಎರಡು ಬೆರಳಿನಲ್ಲಿ ಹಿಡಿದು ನಿಲ್ಲಿಸಿದ್ದಳು.

"ಊದಿ," ಎಂದಳು. "ಮೆಲ್ಲಗೆ."

ಮೆಲ್ಲಗೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ! ಎದೆ ತುಂಬ ಗಾಳಿ ಎಳೆದುಕೊಂಡು ಒಂದೇ ಸಲಕ್ಕೆ ನುಗ್ಗಿಸಿದ.

ಗಾಜು ಉಬ್ಬಿತು... ಉಬ್ಬಿತು... ಬುರುಡೆಯಾಯಿತು, ಬಿಂದಿಗೆಯಾಯಿತು, ನೋಡನೋಡುತ್ತಿದ್ದಂತೆ ಬಣ್ಣವೇ ಇಲ್ಲದಷ್ಟು ತೆಳುವಾಯಿತು. ಆಮೇಲೆ ಸದ್ದೇ ಇಲ್ಲದೆ ಒಡೆಯಿತು!

ಈರುಳ್ಳಿ ಸಿಪ್ಪೆಗಿಂತ ತೆಳುವಾದ ಗಾಜಿನ ಹಾಳೆಗಳು ಗಾಳಿಯಲ್ಲಿ ತೇಲತೊಡಗಿದವು. ತಗಡಿನ ಸಂದಿಯಿಂದ ಬಿದ್ದ ಬಿಸಿಲಿಗೆ ಅವುಗಳ ಮೇಲೆ ನೂರು ಬಣ್ಣ ಓಡಿದವು. ಅವು ನೆಲಕ್ಕೆ ಇಳಿಯುವವರೆಗೂ ಯಾರೂ ಕದಲಲಿಲ್ಲ.

"ಇಷ್ಟು... ಇಷ್ಟು ಚೆನ್ನಾಗಿರತ್ತಾ ಒಡೆಯೋದು?" ಎಂದು ಊದಪ್ಪ ಪಿಸುಗುಟ್ಟಿದ.

ಮೆಲ್ಲಿ ಅವನನ್ನೇ ನೋಡುತ್ತಿದ್ದಳು. ಕಾರ್ಖಾನೆಗೆ ಬಂದವರೆಲ್ಲ ಒಡೆದರೆ ಅಯ್ಯೋ ಎನ್ನುತ್ತಿದ್ದರು. ತಾನು ಮಾತ್ರ ಒಳಗೊಳಗೇ ಇದನ್ನು ಚಂದ ಎಂದುಕೊಳ್ಳುತ್ತಿದ್ದಳು... ಯಾರಿಗೂ ಹೇಳದೆ. ಇವನು ಮೊದಲ ಸಲಕ್ಕೇ ಕಂಡುಬಿಟ್ಟ!

"ನೋಡಿದ್ಯಾ?" ಅಪ್ಪ ಗೆದ್ದವರಂತೆ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. "ನೀನು ಹೇಳಿದ ಹಾಗೆ... ಊದಿದ್ರೆ... ಇದೇ ಗತಿ."

ಊದಪ್ಪ ಕನ್ನಡಕ ತೆಗೆದು ಅಪ್ಪನ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಮೇಸ್ತ್ರಿಗಳೇ, ನಾನು ಬರೆದಿದ್ದು ತಪ್ಪು. ನಿಮ್ಮ ಎದುರಿಗೇ ಹೇಳ್ಬೇಕು ಅಂತ ಬಂದೆ. ನಿಮಗೆ ಊದೋಕೆ ಚೆನ್ನಾಗಿ ಬರತ್ತೆ. ಅದಕ್ಕೇ ನನ್ನ ಯಂತ್ರಕ್ಕೆ ಅರ್ಥವಾಗ್ಲಿಲ್ಲ. ಒಂದೇ ಒಂದು ದಿನ, ಮೂರೇ ಮೂರು ಸಲ, ಗಾಜು ಒಡೆಯೋ ಹಾಗೆ, ಆರು ಸೆಕೆಂಡು ನಿಲ್ಲಿಸದೆ ಊದಿ. ಬೆಳಗ್ಗೆ ಬಾಯಿಗೆ ಒತ್ತಿಕೊಳ್ಳೋ ಔಷಧಿ ಪಂಪು ತಗೊಳ್ಳದೆ ಬರ್ಬೇಕು, ಸ್ವಲ್ಪ ಕಷ್ಟ ಆಗತ್ತೆ. ಬರ್ತೀರಾ?"

ಅಪ್ಪ ನೆಲದ ಮೇಲಿನ ಗಾಜಿನ ಪುಡಿ ನೋಡುತ್ತಾ ಕೂತರು.

"ಅಪ್ಪ," ಎಂದಳು ಮೆಲ್ಲಿ. "ನನಗೋಸ್ಕರ."

ಅಪ್ಪ ಮಗಳ ಮುಖ ನೋಡಿದರು. "ಇವಳು ಇಲ್ಲಿತನಕ... ಏನೂ ಕೇಳಿದವಳಲ್ಲ," ಎಂದರು ಊದಪ್ಪನಿಗೆ. "ಆಯ್ತು. ಬರ್ತೀನಿ."

ಮಂಗಳವಾರ ಬೆಳಗ್ಗೆ ಊದಪ್ಪ ಯಂತ್ರವನ್ನು ಸಿದ್ಧಪಡಿಸುತ್ತಿದ್ದ. ತೋಳಿನಷ್ಟು ದಪ್ಪದ ಸಿರಿಂಜಿನಿಂದ ಸರಿಯಾಗಿ ಮೂರು ಲೀಟರ್ ಗಾಳಿ ನುಗ್ಗಿಸಿ ನೋಡಿದ. ಯಂತ್ರ ಮೂರು ಎಂದಿತು. "ಇದು ಸುಳ್ಳು ಹೇಳಲ್ಲ," ಎಂದು ಮೆಲ್ಲಿಗೆ ತೋರಿಸಿದ. ಈ ಸಲ ಅವಳು ಒಳಗೇ ನಿಂತಿದ್ದಳು. ನರ್ಸೇ ಕರೆದಿದ್ದಳು.

ಅಪ್ಪ ನೆಟ್ಟಗೆ ಕೂತರು. ಮೂಗಿಗೆ ಕ್ಲಿಪ್ಪು.

"ಪೂರ್ತಿ ಎಳೀರಿ... ಎಳೀರಿ... ಈಗ ಒಡೀರಿ ಮೇಸ್ತ್ರಿಗಳೇ! ಒಡೀರಿ!"

ಗುಡ್ಡ. ಅದೇ ಗುಡ್ಡ. ಇನ್ನೊಮ್ಮೆ. ಮತ್ತೆ ಗುಡ್ಡ.

ಅಪ್ಪನ ಕಣ್ಣಲ್ಲಿ ನೀರು. "ಆಗ್ತಿಲ್ಲ ಕಣೋ... ತಾನಾಗೇ... ತಡೆಯತ್ತೆ."

ಮೂರನೆಯ ಸಲ ಊದಪ್ಪ ಕೂಗಲು ಬಾಯಿ ತೆರೆದ. ಗಂಟಲಿನಿಂದ ಬರೀ ಗಾಳಿ ಬಂತು. ಪೂರ್ತಿ ಒಡೆದುಹೋದ ದನಿ! ಅವನು ಬೆದರಿ ಮೆಲ್ಲಿಯ ಕಡೆ ನೋಡಿದ.

ಅಪ್ಪ ಆಗಲೇ ಉಸಿರು ತುಂಬಿಕೊಂಡಿದ್ದರು.

"ಒಡಿ ಅಪ್ಪಾ! ಒಡೀ!"

ಕೋಣೆಯ ಗಾಜಿನ ಕಿಟಕಿ ಝಲ್ಲೆಂದಿತು. ಕಾರಿಡಾರಿನಲ್ಲಿ ನಡೆಯುತ್ತಿದ್ದವರು ನಿಂತರು. ಅದು ಮೆಲ್ಲಿಯ ದನಿ! ಅವಳಿಗೇ ನಂಬಿಕೆಯಾಗಲಿಲ್ಲ.

"ಜಾಡಿ ಹೋಗ್ಲಿ, ಬುರುಡೆ ಹೋಗ್ಲಿ, ಎಲ್ಲಾ ಹೋಗ್ಲಿ! ಒಡಿ! ಇನ್ನೂ! ಇನ್ನೂ! ನಾಲ್ಕು... ಐದು... ಬಿಡಬೇಡ ಅಪ್ಪಾ... ಆರು!"

ಪರದೆಯ ಮೇಲೆ ಗೆರೆಯೊಂದು ಮೇಲಕ್ಕೆ ಚಿಮ್ಮಿತು. ಚೂಪಾದ ತುದಿ! ಮರುಕ್ಷಣವೇ ಅದು ಕುಸಿದು, ಬಟ್ಟೆ ಒಣಹಾಕುವ ಸಡಿಲ ಹಗ್ಗದಂತೆ ಜೋತುಬಿದ್ದು, ಉದ್ದಕ್ಕೆ ತೆವಳುತ್ತಾ ಹೋಯಿತು.

ನರ್ಸು ಪರದೆಯ ಹತ್ತಿರ ಬಂದಳು.

ಮೆಲ್ಲಿಗೆ ಅಂಕಿಗಳು ತಿಳಿಯಲಿಲ್ಲ. ಆದರೆ ಆ ಗೆರೆ ತಿಳಿಯಿತು. ಆ ಚೂಪು ತುದಿ ಅಪ್ಪನ ಹಟ. ಜೋತುಬಿದ್ದದ್ದು ಕುಲುಮೆ, ದೂಳು, ಸಿಗರೇಟು. ತೆವಳಿಕೊಂಡೇ ಆರು ಸೆಕೆಂಡಿನ ಕೊನೆ ಮುಟ್ಟಿದ್ದು... ಅದು ತಾನು ಹುಟ್ಟಿದ ಮೇಲಿನ ವರ್ಷಗಳು. ಒಂದೇ ಉಸಿರಿನಲ್ಲಿ ಒಬ್ಬ ಮನುಷ್ಯನ ಬಾಳು ಪೂರ್ತಿ ಬಂದು ನಿಂತಿತ್ತು. ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

ಪಕ್ಕದಲ್ಲಿ ಊದಪ್ಪನ ಕಣ್ಣೂ ಒದ್ದೆಯಾಗಿತ್ತು. ಎರಡು ಬೆರಳು ಎತ್ತಿ ತೋರಿಸಿದ. ಇನ್ನೆರಡು ಸಲ!

ಅವಳು ಕೂಗಿದಳು. ಅಪ್ಪ ಒಡೆದರು. ಮೂರೂ ಗೆರೆಗಳು ಒಂದರ ಮೇಲೊಂದು ಕೂತವು.

ಆಮೇಲೆ ಔಷಧಿ ಪಂಪಿನ ನಾಲ್ಕು ಒತ್ತು ಕೊಟ್ಟು, ಹದಿನೈದು ನಿಮಿಷ ಕಾಯಿಸಿದ. ಮತ್ತೆ ಊದಿದಾಗ ಗೆರೆ ಸ್ವಲ್ಪ ಮೇಲೆದ್ದಿತ್ತು. ಸ್ವಲ್ಪವೇ. ಆದರೆ ಎದ್ದಿತ್ತು!

ಡಾಕ್ಟರಮ್ಮ ಮುಚ್ಚಿಟ್ಟುಕೊಳ್ಳದೆ ಹೇಳಿದರು. "ಹೋದ ಉಸಿರು ಪೂರ್ತಿ ವಾಪಸ್ ಬರಲ್ಲ ಮೇಸ್ತ್ರಿ. ನಿಮ್ಮ ವಯಸ್ಸಿನವರಿಗೆ ಇರಬೇಕಾದ್ದರಲ್ಲಿ ಅರ್ಧಕ್ಕಿಂತ ಕಮ್ಮಿ ಇದೆ. ಆದ್ರೆ ಪಂಪಿಗೆ ಕೊಳವೆ ಸ್ವಲ್ಪ ತೆರೆದುಕೊಳ್ತಿವೆ. ಇನ್ನು ನಾನು ಸರಿಯಾದ ಔಷಧಿ ಕೊಡ್ತೀನಿ. ಕುಲುಮೆ ಹತ್ರ ಹೋಗ್ಬೇಡಿ. ಮೆಟ್ಟಿಲು ಹತ್ತಿ ಮಗಳ ಜೊತೆ ಮಾತಾಡೋವಷ್ಟು ಉಸಿರು ನಿಮಗೆ ಕೊಡಿಸ್ತೀನಿ."

ಅಪ್ಪ ತಲೆಯಾಡಿಸಿದರು. "ಅಷ್ಟು ಸಾಕು ತಾಯಿ."

ಆಮೇಲಿನ ಎರಡು ತಿಂಗಳು ಊದಪ್ಪ ಪ್ರತಿ ಭಾನುವಾರ ಅವರ ಮನೆಗೆ ಬಂದ. ಅಪ್ಪ ಪಂಪನ್ನು ಸರಿಯಾಗಿ ಎಳೆದುಕೊಳ್ಳುತ್ತಾರೋ ಇಲ್ಲವೋ ನೋಡಲು, ಎಂದು ಹೇಳುತ್ತಿದ್ದ. ಆಸ್ಪತ್ರೆಯ ಹೊರಗೆ ಅವನು ಮೆಲ್ಲಿಗಿಂತ ಮೆತ್ತಗೆ ಮಾತಾಡುತ್ತಿದ್ದ. ಇಬ್ಬರು ನಾಚಿಕೆಯವರ ನಡುವೆ ಕೂತು ಅಪ್ಪನಿಗೇ ಬೇಸರ ಬರುತ್ತಿತ್ತು.

ಅಪ್ಪ ಈಗ ಮೂರು ದಿಂಬಿನಿಂದ ಒಂದಕ್ಕೆ ಇಳಿದಿದ್ದರು. ಒಂದು ಇಡೀ ವಾಕ್ಯವನ್ನು ನಿಲ್ಲದೆ ಹೇಳುವಷ್ಟು ಉಸಿರು ಬಂದಿತ್ತು. ಆ ಉಸಿರಿನಲ್ಲಿ ಅವರು ಮೊದಲು ಹೇಳಿದ ಉದ್ದದ ಮಾತು ಇದು.

"ಅಲ್ಲಯ್ಯ, ಪಂಪು ಒತ್ತೋದು ಕಲಿಯೋಕೆ ನನಗೆ ಎಂಟು ಭಾನುವಾರ ಬೇಕಾ?"

ಊದಪ್ಪನ ಕಿವಿ ಕೆಂಪಾಯಿತು. ಮೆಲ್ಲಿ ಒಳಗೆ ಓಡಿದಳು.

ಅಂದೇ ಅಪ್ಪ ಇನ್ನೊಂದು ಮಾತನ್ನೂ ಹೇಳಿದರು. ಅದರಲ್ಲಿ ತಮಾಷೆ ಇರಲಿಲ್ಲ. "ನನ್ನ ಉಸಿರು ಕುಲುಮೆಗೆ ಹೋಯ್ತು. ಇವಳದ್ದೂ ಹೋಗ್ಬಾರದು. ಇವಳನ್ನೂ ಊದಿಸಿ ನೋಡು. ಅವತ್ತು ಗಾಜಿನ ಹಾಗೆ ಊದಿದ್ದು ಬೇಡ. ಸರಿಯಾಗಿ. ಗೆರೆ ಕೆಟ್ಟಿದ್ರೆ ಕುಲುಮೆ ಆರಿಸಿಬಿಡ್ತೀನಿ."

ಮೆಲ್ಲಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕುಲುಮೆ ಇಲ್ಲದಿದ್ದರೆ ತಾನು ಯಾರು? ಓದು ಬಾರದು, ಮಾತು ಬಾರದು. ಊದುವುದೊಂದೇ ಗೊತ್ತು.

ಸೋಮವಾರ ಮಧ್ಯಾಹ್ನ ಅವಳು ಆ ಕುರ್ಚಿಯ ತುದಿಯಲ್ಲಿ ಕೂತಳು. ಊದಪ್ಪ ಮೇಜಿನ ಮೇಲೆ ಫಾರಂ ಇಟ್ಟುಕೊಂಡ. ಪರೀಕ್ಷೆಗೆ ಮೊದಲು ಎಲ್ಲರನ್ನೂ ಕೇಳುವ ಪ್ರಶ್ನೆಗಳು. ಅವನೂ ಹೆದರಿದ್ದಾನೆಂದು ಅವಳಿಗೆ ಪೆನ್ನು ಹಿಡಿದ ರೀತಿಯಲ್ಲೇ ತಿಳಿಯಿತು.

"ಕೆಮ್ಮು?"

"ಇಲ್ಲ."

"ಎದೆಯಲ್ಲಿ ಸಿಳ್ಳೆ?"

"ಇಲ್ಲ."

"ಉಸಿರು ಕಟ್ಟೋದು? ಮೆಟ್ಟಿಲು ಹತ್ತುವಾಗ?"

"ಇಲ್ಲ."

"ಕುಲುಮೆ ಮುಂದೆ?"

"ಇಲ್ಲ."

"ಹಾಗಾದ್ರೆ ಯಾವಾಗ್ಲೂ ಕಟ್ಟಲ್ಲ ಅಂತ ಬರೀಲಾ?"

ಅವಳ ಕಣ್ಣು ಯಂತ್ರದ ಕಡೆ ಹೋಯಿತು. ಸುಳ್ಳು ಹೇಳದ ಯಂತ್ರದ ಮುಂದೆ ಸುಳ್ಳು ಹೇಳುವುದು ಹೇಗೆ?

"...ಕಟ್ಟತ್ತೆ."

ಪೆನ್ನು ನಿಂತಿತು. ಅವನ ಮುಖದ ರಕ್ತವೇ ಇಳಿದುಹೋಯಿತು. "ಯಾವಾಗಿಂದ?"

"ಎರಡು ತಿಂಗಳಾಯ್ತು."

"ಎರಡು ತಿಂಗಳಾ! ಎಂಟು ಭಾನುವಾರ ಎದುರಿಗೇ ಕೂತಿದ್ನಲ್ಲ, ಒಂದು ಮಾತು ಹೇಳ್ಬಾರದಿತ್ತಾ? ಏನು ಮಾಡುವಾಗ ಕಟ್ಟತ್ತೆ? ಎಲ್ಲಿದ್ದಾಗ? ಬೇಗ ಹೇಳಿ!"

ಅವನು ಕುರ್ಚಿಯಿಂದ ಅರ್ಧ ಎದ್ದಿದ್ದ. ಆ ಗಾಬರಿ ನೋಡಿ ಮೆಲ್ಲಿಗೆ ಎಲ್ಲಿಂದಲೋ ಧೈರ್ಯ ಬಂತು.

"ಈ ಬಾಗಿಲ ಹಿಡಿಕೆ ಮುಟ್ಟಿದಾಗ," ಎಂದಳು. "ಭಾನುವಾರ ಗೇಟು ಸದ್ದಾದಾಗ."

ಅವನು ಅದನ್ನು ಬರೆಯಲು ಹೊರಟ. 'ಬಾಗಿಲ ಹಿಡಿಕೆ' ಎಂದು ಬರೆದ ಮೇಲೆ ಪೆನ್ನು ಮೆಲ್ಲನೆ ನಿಂತಿತು. ತಲೆ ಎತ್ತಿದ.

ಅವಳು ಕಿಟಕಿ ನೋಡುತ್ತಿದ್ದಳು. ಕೆನ್ನೆ ಕುಲುಮೆಯ ಬಾಯಿಯಷ್ಟು ಕೆಂಪಾಗಿತ್ತು.

"ಮೊದಲು ಊದಿಸಿ," ಎಂದಳು ಗಡಿಬಿಡಿಯಲ್ಲಿ. "ಆಮೇಲೆ ಏನಾದ್ರೂ ಹೇಳಿ. ಗೆರೆ ಕೆಟ್ಟಿದ್ರೆ ಏನೂ ಹೇಳ್ಬೇಡಿ."

"ಗೆರೆ ಹೇಗಿದ್ರೂ ಹೇಳ್ತೀನಿ," ಎಂದ ಅವನು. ಅವಳ ಕಡೆಗೆ ಕೊಳವೆ ಚಾಚಿದ.

ಅವಳು ಎದೆ ತುಂಬ ಉಸಿರೆಳೆದಳು. ಬಾಳಿನಲ್ಲಿ ಮೊದಲ ಬಾರಿಗೆ ಕೆನ್ನೆಯಲ್ಲಿ ತಡೆಯದೆ, ನಾಲಿಗೆಯಲ್ಲಿ ಹಿಡಿಯದೆ, ಇದ್ದದ್ದನ್ನೆಲ್ಲ ಬಿಟ್ಟುಕೊಟ್ಟಳು.

ಗೆರೆ ಪರದೆಯ ನೆತ್ತಿಗೆ ಚಿಮ್ಮಿತು. ಅಲ್ಲಿಂದ ಎಲ್ಲೂ ಜೋತುಬೀಳದೆ, ಎಲ್ಲೂ ಮುಗ್ಗರಿಸದೆ, ಬೆಟ್ಟದಿಂದ ಇಳಿಯುವ ನೇರ ದಾರಿಯಂತೆ ಇಳಿಯಿತು. ಎರಡನೆಯದೂ ಹಾಗೆಯೇ. ಮೂರನೆಯದೂ.

"ಇದು... ನಂದಾ?"

"ನಿಮ್ಮದೇ. ಅಂಕಿ ಚೆನ್ನಾಗಿವೆ. ಡಾಕ್ಟರಮ್ಮ ಹೇಳೋ ಮೊದಲು ನಾನು ಹೇಳ್ಬಾರದು, ಆದ್ರೂ ಹೇಳ್ತೀನಿ. ಬಾಯಿಗೆ ಮಾಸ್ಕ್ ಹಾಕಿ, ಹೊಗೆ ಹೋಗೋ ದಾರಿ ಮಾಡಿ, ವರ್ಷಕ್ಕೊಮ್ಮೆ ಊದಿ ನೋಡ್ಕೊಂಡ್ರೆ... ಕುಲುಮೆ ಆರಿಸೋದು ಬೇಡ."

ಅವಳು ಪರದೆಯನ್ನೇ ನೋಡುತ್ತಾ ಕೂತಳು. ಅಷ್ಟು ಎತ್ತರ! ತನ್ನೊಳಗೆ ಇಷ್ಟು ಗಾಳಿ ಇತ್ತೇ? ಇಷ್ಟು ವರ್ಷ ಬಾಗಿಲ ಸಂದಿಯಲ್ಲಿ ನಿಂತು ಬದುಕಿದವಳ ಎದೆಯಲ್ಲಿ ಇಷ್ಟು ದೊಡ್ಡದೊಂದು ಬೆಟ್ಟ!

ಬಾಗಿಲು ತುಸು ತೆರೆದು ನರ್ಸಿನ ಮುಖ ಇಣುಕಿತು. "ಏನಪ್ಪಾ ಊದಪ್ಪ, ಕೂಗೇ ಇಲ್ಲ? ಯಂತ್ರ ಕೆಟ್ಟಿದ್ಯಾ, ನೀನು ಕೆಟ್ಟಿದ್ಯಾ?" ಇಬ್ಬರ ಮುಖವನ್ನೂ ಒಮ್ಮೆ ನೋಡಿದಳು. "ಓಹೋ..." ಎಂದು ಬಾಗಿಲನ್ನು ಅಷ್ಟೇ ನಿಧಾನವಾಗಿ ಎಳೆದುಕೊಂಡಳು.

ಅವನು ಫಾರಂ ಪಕ್ಕಕ್ಕೆ ಸರಿಸಿದ.

"ನನಗೆ ಕೂಗೋಕೆ ಬರತ್ತೆ," ಎಂದ ಅವನು. "ಹೇಳೋಕೆ ಬರಲ್ಲ. ದಿನಾ ಇಪ್ಪತ್ತು ಜನರ ಉಸಿರು ನೋಡ್ತೀನಿ. ಸಂಜೆ ಮನೆಗೆ ಹೋದ್ರೆ ಎಲ್ಲಾ ಗೆರೆ ಮರೆತುಹೋಗತ್ತೆ. ನೀವು ಅವತ್ತು ಕಣ್ಣು ಮುಚ್ಚಿ ಊದಿದ ಆ ಗುಡ್ಡ ಮಾತ್ರ ಹೋಗಲ್ಲ. ಬಾಳು ಪೂರ್ತಿ ನಿಮ್ಮ ಉಸಿರಿನ ಸದ್ದು ಕೇಳ್ಕೊಂಡು ಇರ್ಬೇಕು ಅನ್ಸತ್ತೆ. ಇಷ್ಟೇ ನನಗೆ ಗೊತ್ತಿರೋದು."

ಅವಳ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಭಾನುವಾರ ಬರ್ತೀರಾ?"

"ಯಾವ ನೆಪ ಹೇಳ್ಲಿ? ಪಂಪಿನ ನೆಪ ನಿಮ್ಮಪ್ಪ ಹಿಡಿದುಬಿಟ್ರು."

"ನೆಪ ಬೇಡ. ಸುಮ್ಮನೆ ಬನ್ನಿ."

"ಬನ್ನಿ ಅಂದ್ರೆ ನೆಂಟನ ಹಾಗೆ ಬಂದು ಹೋಗ್ತೀನಿ," ಎಂದ ಅವನು ಮೆತ್ತಗೆ. "ಬಾ ಅನ್ನು."

ಮೆಲ್ಲಿ ಉಸಿರೆಳೆದುಕೊಂಡಳು. ಎಲ್ಲೂ ಕಟ್ಟಲಿಲ್ಲ.

"ಬಾ," ಎಂದಳು.